ರಾಜಕಾಲುವೆಯಿಂದ ನದಿಯವರೆಗೆ: ಬಡಾವಣೆಯವರು ಸೇರಿ ನೀರಿನ ನಿಗಾ ವಹಿಸುವುದು ಹೇಗೆ?

ಮೈಸೂರು ರಸ್ತೆಯ ಬದಿಯಲ್ಲಿ ಕಪ್ಪಾಗಿ ಹರಿಯುವ ವೃಷಭಾವತಿಯನ್ನು ಉಳಿಸಬೇಕೆಂಬ ಆಸೆ ಬೆಂಗಳೂರಿನ ಬಹಳ ಜನರಲ್ಲಿದೆ. ಆದರೆ ಅದು ಹೆಚ್ಚಾಗಿ ಒಂದು ಭಾನುವಾರದ ಶ್ರಮದಾನಕ್ಕೋ ಒಂದು ಮನವಿ ಪತ್ರಕ್ಕೋ ಮುಗಿದುಹೋಗುತ್ತದೆ. ದಡದ ಕಸ ಎತ್ತುವುದು ಒಳ್ಳೆಯ ಕೆಲಸವೇ. ಆದರೂ ನದಿಯನ್ನು ಹೆಚ್ಚು ಕೆಡಿಸುತ್ತಿರುವುದು ಕಣ್ಣಿಗೆ ಕಾಣುವ ಪ್ಲಾಸ್ಟಿಕ್ ಅಲ್ಲ, ಒಳಗೆ ಬಂದು ಸೇರುವ ಕೊಳಚೆ ಮತ್ತು ಕಾರ್ಖಾನೆಗಳ ನೀರು. ಅದನ್ನು ತಡೆಯಬೇಕಾದರೆ ನದಿಯ ಮೇಲ್ಭಾಗದವರು, ಕೆಳಭಾಗದವರು ಮತ್ತು ಅಧಿಕಾರಿಗಳು ಒಟ್ಟಿಗೆ ಕಲಿಯಬೇಕು. ಶುರು ಮಾಡಲು ಹತ್ತು ಹನ್ನೆರಡು ಮಂದಿ ಸಾಕು.

ನೀರಿನ ದಾರಿ ಹಿಡಿಯಿರಿ

ಬೆಂಗಳೂರು ಏರುದಿಬ್ಬದ ಮೇಲಿರುವ ಊರು. ಪಶ್ಚಿಮದ ಇಳಿಜಾರಿನ ನೀರು ವೃಷಭಾವತಿಗೆ ಇಳಿದು, ಬಿಡದಿ ಸಮೀಪದ ಬೈರಮಂಗಲ ಕೆರೆ ದಾಟಿ, ಅರ್ಕಾವತಿಯ ಜೊತೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಪೂರ್ವದಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕವೂ ಹೆಬ್ಬಾಳ ಕಣಿವೆಯ ನೀರು ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಮೂಲಕವೂ ದಕ್ಷಿಣ ಪಿನಾಕಿನಿಗೆ ಹೋಗಿ ತಮಿಳುನಾಡನ್ನು ಮುಟ್ಟುತ್ತದೆ. ನಿಮ್ಮ ಮನೆಯ ಮುಂದಿನ ಚರಂಡಿ ಇವುಗಳಲ್ಲಿ ಯಾವ ಕಣಿವೆಗೆ ಸೇರಿದ್ದು? ಭೂದಾಖಲೆಗಳ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರುಗಳ ನಕ್ಷೆಯಿದೆ. ಹಳ್ಳ ಮತ್ತು ರಾಜಕಾಲುವೆಯ ಗೆರೆಗಳನ್ನು ಅದರಲ್ಲಿ ಹುಡುಕಿ, ನಂತರ ಅದೇ ಗೆರೆಯ ಪಕ್ಕದಲ್ಲಿ ನಡೆಯಿರಿ. ಊರಿನ ಹಿರಿಯರೊಬ್ಬರನ್ನು, ಸಾಧ್ಯವಾದರೆ ಹಿಂದೆ ಕೆರೆಯ ನೀರು ಬಿಡುವ ಹೊಣೆ ಹೊತ್ತಿದ್ದ ನೀರುಗಂಟಿಗಳ ಮನೆತನದವರನ್ನು ಜೊತೆಗೆ ಕರೆದುಕೊಳ್ಳಿ. ತೂಬು ಎಲ್ಲಿತ್ತು, ಕೋಡಿ ಬಿದ್ದಾಗ ನೀರು ಯಾವ ಕಡೆಗೆ ಹರಿಯುತ್ತಿತ್ತು ಎಂಬುದನ್ನು ಅವರು ನಿಂತಲ್ಲೇ ತೋರಿಸಬಲ್ಲರು.

ಇದಕ್ಕೆ ಮಳೆಯಿಲ್ಲದ ವಾರವನ್ನೇ ಆರಿಸಿ. ರಾಜಕಾಲುವೆ ಇರುವುದು ಮಳೆನೀರಿಗಾಗಿ. ಒಣ ಹವೆಯಲ್ಲೂ ಅದಕ್ಕೆ ನೀರು ಸುರಿಸುತ್ತಿರುವ ಪೈಪ್ ಕಂಡರೆ ಜಾಗ, ಹೊತ್ತು, ಬಣ್ಣ, ವಾಸನೆಯನ್ನು ಬರೆದುಕೊಳ್ಳಿ. ಕಾಲುವೆಯೊಳಗೆ ಮಾತ್ರ ಇಳಿಯಬೇಡಿ.

ಯಾರನ್ನು ಕರೆಯಬೇಕು?

ಒಳಚರಂಡಿ ಜಲಮಂಡಳಿಯದು, ರಾಜಕಾಲುವೆ ಪಾಲಿಕೆಯದು, ಕಾರ್ಖಾನೆಯ ನೀರಿನ ಮೇಲೆ 1974ರ ಜಲ ಕಾಯ್ದೆಯಡಿ ಅಧಿಕಾರ ಇರುವುದು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಮೂರು ಕಚೇರಿಗಳಿಗೆ ಬೇರೆ ಬೇರೆಯಾಗಿ ಅಲೆದರೆ ಪ್ರತಿಯೊಂದರ ಹೊಣೆಯೂ ಅರ್ಧ ದಾರಿಗೆ ನಿಂತುಬಿಡುತ್ತದೆ. ಆದ್ದರಿಂದ ಮೂವರನ್ನೂ ಒಂದೇ ದಿನ, ಒಂದೇ ಸೇತುವೆಯ ಬಳಿಗೆ ಕರೆಯಿರಿ.

ನಗರದವರು ಸಾಮಾನ್ಯವಾಗಿ ಮರೆಯುವುದು ಕೆಳಭಾಗದ ರೈತರನ್ನು. ನಾವು ಬಿಟ್ಟ ನೀರಿನಲ್ಲೇ ಬೈರಮಂಗಲದ ಸುತ್ತಲಿನವರು ಬೇಸಾಯ ಮಾಡಿದ್ದಾರೆ. ನೊರೆ ಯಾವಾಗ ಏಳುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ನೀರಿನ ಬಣ್ಣ ತಿರುಗುತ್ತದೆ, ಯಾವ ಬೆಳೆ ಕೈಬಿಡಬೇಕಾಯಿತು ಎಂಬುದು ನದಿಯ ಪಕ್ಕದಲ್ಲೇ ಬದುಕುವವರಿಗೆ ಗೊತ್ತು. ಅವರಿಲ್ಲದೆ ನಡೆಯುವ ಸಭೆಯನ್ನು ನಾನು ನದಿಯ ಸಭೆ ಎಂದು ಒಪ್ಪುವುದಿಲ್ಲ. ಮೀನು ಹಿಡಿಯುವವರು ಮತ್ತು ಪೌರಕಾರ್ಮಿಕರು ಕೂಡ ಬರಲಿ, ಅವರ ಅರ್ಧ ದಿನದ ಕೂಲಿಯನ್ನು ಗುಂಪೇ ಭರಿಸಲಿ.

ಒಂದೇ ಬಕೆಟ್, ಎರಡು ಅಳತೆ

ನೀರಿನ ಆಮ್ಲೀಯತೆ ತೋರಿಸುವ ಪಿಎಚ್ ಪಟ್ಟಿ, ಥರ್ಮಾಮೀಟರ್, ನೀರಿನಲ್ಲಿ ಕರಗಿದ ಲವಣಗಳ ಅಂದಾಜು ಕೊಡುವ ಟಿಡಿಎಸ್ ಮೀಟರ್ ಮತ್ತು ಕರಗಿದ ಆಮ್ಲಜನಕ ಅಳೆಯುವ ಕಿಟ್ ಇದ್ದರೆ ಆರಂಭಕ್ಕೆ ಸಾಕು. ಇವುಗಳಲ್ಲಿ ಹೆಚ್ಚು ತಿಳಿಸುವುದು ಆಮ್ಲಜನಕ. ತಪ್ಪು ದಾರಿಗೆ ಎಳೆಯಬಲ್ಲದ್ದೂ ಅದೇ. ಪಾಚಿ ಹಗಲಿನಲ್ಲಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಅದನ್ನೇ ಉಸಿರಾಡಿ ಖರ್ಚು ಮಾಡುತ್ತದೆ. ಹಾಗಾಗಿ ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅಳೆದರೆ ಸಂಖ್ಯೆ ಚೆನ್ನಾಗಿಯೇ ಕಾಣಬಹುದು. ಮೀನುಗಳು ಉಸಿರುಗಟ್ಟುವುದು ಬೆಳಗಿನ ಜಾವ. ನೀರು ಬಿಸಿಯಾದಂತೆ ಆಮ್ಲಜನಕ ಹಿಡಿದಿಡುವ ಶಕ್ತಿಯೂ ಇಳಿಯುತ್ತದೆ. ಪ್ರತಿ ಸಲವೂ ಅದೇ ಜಾಗದಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೇ ಅಳೆಯಿರಿ. ಸಂಖ್ಯೆಯನ್ನು ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆದು, ಉಷ್ಣತೆಯನ್ನೂ ಪಕ್ಕದಲ್ಲೇ ಬರೆಯಿರಿ.

ಹೋಲಿಸಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣವಿದೆ. ಹೊರಾಂಗಣ ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಬಿಒಡಿ (ನೀರಿನಲ್ಲಿರುವ ಕೊಳೆಯುವ ಪದಾರ್ಥವನ್ನು ಒಡೆಯಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) 3 ಮಿಲಿಗ್ರಾಂ ಮೀರಬಾರದು, ಪಿಎಚ್ 6.5ರಿಂದ 8.5ರೊಳಗಿರಬೇಕು. ಮೀನು ಸಾಕಣೆಗೆ ಬೇಕಾದ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ. ಬಿಒಡಿ ಪರೀಕ್ಷೆಗೆ ಪ್ರಯೋಗಾಲಯ ಬೇಕು. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗವನ್ನು ಕೇಳಿ ನೋಡಿ.

ಅಧಿಕಾರಿಗಳೂ ಇರುವಾಗ ಅಳೆಯುವುದು ಈ ಕೆಲಸದ ಜೀವಾಳ. ಒಂದೇ ಬಕೆಟಿನ ನೀರನ್ನು ನಿಮ್ಮ ಕಿಟ್ ಮತ್ತು ಅವರ ಉಪಕರಣ ಎರಡರಲ್ಲೂ ಪರೀಕ್ಷಿಸಿ. ಸಂಖ್ಯೆಗಳು ಹೊಂದದಿದ್ದರೆ ಜಗಳಕ್ಕಿಳಿಯದೆ ಕಾರಣ ಹುಡುಕಿ: ಕಿಟ್ಟಿನ ರಾಸಾಯನಿಕ ಹಳೆಯದಾಗಿರಬಹುದು, ಅವರ ಮೀಟರನ್ನು ಸರಿಹೊಂದಿಸಬೇಕಿರಬಹುದು, ಮಾದರಿಯಲ್ಲಿ ಗಾಳಿಗುಳ್ಳೆ ಸೇರಿರಬಹುದು. ಹೀಗೆ ಇಬ್ಬರೂ ಒಪ್ಪಿದ ಸಂಖ್ಯೆಯನ್ನು ಮುಂದೆ ಯಾವ ಸಭೆಯಲ್ಲೂ ಸುಲಭವಾಗಿ ತಳ್ಳಿಹಾಕಲಾಗದು.

ಸಭೆಯ ಕ್ರಮ

ವೇದಿಕೆ, ಹಾರ, ಸ್ವಾಗತ ಭಾಷಣ ಬೇಡ. ಎಲ್ಲರೂ ಸುತ್ತ ಕುಳಿತುಕೊಳ್ಳಿ. ಮೊದಲ ಮಾತು ಕೆಳಭಾಗದ ರೈತರದಾಗಲಿ, ಎಂಜಿನಿಯರ್ ಕೊನೆಗೆ ಮಾತನಾಡಲಿ. ಹಣ ಮಂಜೂರಾಗಿಲ್ಲ, ಪೈಪ್ ಹಾಕಲು ಜಾಗ ಸಿಕ್ಕಿಲ್ಲ ಎಂದು ಅವರು ಹೇಳಿದರೆ ಅದನ್ನೂ ಮಾಹಿತಿಯೆಂದೇ ಬರೆದುಕೊಳ್ಳಿ. ದೊಡ್ಡ ಹಾಳೆಯಲ್ಲಿ ಮೂರು ಕಾಲಂ ಸಾಕು: ನಮಗೆ ಗೊತ್ತಿರುವುದು, ಇನ್ನೂ ತಿಳಿಯಬೇಕಾದದ್ದು, ಯಾರು ಯಾವ ದಿನದೊಳಗೆ ಏನು ಮಾಡುತ್ತಾರೆ. ಏಳುವ ಮುನ್ನ ಅದನ್ನು ಗಟ್ಟಿಯಾಗಿ ಓದಿ, ಎಲ್ಲರ ಸಹಿ ಪಡೆಯಿರಿ.

ಟೆಂಡರಿಗೆ ಮೊದಲೇ ಕೇಳಿ

ಯುರೋಪಿಯನ್ ಒಕ್ಕೂಟದ 2000ದ ಜಲ ನಿರ್ದೇಶನದ ಪ್ರಕಾರ ನದಿ ಯೋಜನೆಯ ಕರಡಿನ ಬಗ್ಗೆ ಲಿಖಿತ ಅಭಿಪ್ರಾಯ ಹೇಳಲು ಜನರಿಗೆ ಕನಿಷ್ಠ ಆರು ತಿಂಗಳು ಕೊಡಬೇಕು. ನಮ್ಮ ನದಿಯ ಕೆಲಸಗಳಿಗೆ ಟೆಂಡರ್ ಕರೆಯುವ ಮೊದಲೇ ಅಂಥ ಕಾಲಾವಕಾಶವನ್ನು ನಾವೂ ಕೇಳಬೇಕು. ಯೋಜನಾ ವರದಿ ಕೈಗೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನಗಳ ಗಡುವಿದೆ. ಕೊಳಚೆ ನೀರಿನ ಶುದ್ಧೀಕರಣ ಘಟಕದ ದಿನವಹಿ ದಾಖಲೆಯನ್ನು ಕೇಳಿ ಪಡೆದು, ನಿಮ್ಮ ಪುಸ್ತಕದ ಅದೇ ದಿನಾಂಕಗಳ ಪಕ್ಕದಲ್ಲಿ ಇಟ್ಟು ಓದಿ.

ಮಳೆಗಾಲದ ಅಳತೆಗಳಿಗೆ ಬೇರೆ ಪುಟ ಮಾಡಿ, ಏಕೆಂದರೆ ಹೊಸ ನೀರು ಬೆರೆತಾಗ ಕೊಳಚೆ ತೆಳುವಾಗಿ ಕಾಣುತ್ತದೆ. ಪ್ರತಿ ಉಪಕರಣವನ್ನೂ ಕನಿಷ್ಠ ಇಬ್ಬರು ಕಲಿತಿರಲಿ. ಪುಸ್ತಕ ಯಾರ ಮನೆಯಲ್ಲೂ ಉಳಿಯದೆ ಹತ್ತಿರದ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇರಲಿ, ಅದರ ಒಂದು ಪ್ರತಿ ಪ್ರತಿ ತಿಂಗಳೂ ಕೆಳಭಾಗದ ಊರಿಗೆ ತಲುಪಲಿ.