ಗಿನಿಪಿಗ್ ಕರುಳು, ಸೆರೊಟೋನಿನ್ ಮತ್ತು ಕಾರವಾರದ ಮಳೆಗಾಲ

ಕಾರವಾರದಲ್ಲಿ ಜುಲೈ ಎಂದರೆ ಗೋಡೆಯೂ ಬೆವರುವ ತಿಂಗಳು. ಗಿನಿಪಿಗ್ ಕರುಳಿನ ಮೇಲೆ ಸೆರೊಟೋನಿನ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವ ನನ್ನ ಪ್ರಯೋಗಕ್ಕೆ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಗೆ ಬಂದದ್ದು ಆಗಲೇ. ಮಳೆ ನಿಲ್ಲಲಿ ಎಂದು ಕಾಯುವ ತಾಳ್ಮೆ ನನಗಿರಲಿಲ್ಲ.

ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ರಾಸಾಯನಿಕ ಸೆರೊಟೋನಿನ್ ಎಂದ ಕೂಡಲೇ ಎಲ್ಲರೂ ಮಿದುಳಿನ ಮಾತಾಡುತ್ತಾರೆ. ಆದರೆ ಮೈಯೊಳಗಿನ ಸೆರೊಟೋನಿನ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲು ಇರುವುದು ಕರುಳಿನಲ್ಲಿ, ಒಳಪದರದ ಎಂಟೆರೊಕ್ರೊಮಾಫಿನ್ ಎಂಬ ಕೋಶಗಳಲ್ಲಿ. 1958ರಲ್ಲಿ ವಿಜ್ಞಾನಿಗಳಾದ ಎಡಿತ್ ಬುಲ್‌ಬ್ರಿಂಗ್ ಮತ್ತು ಲಿನ್ ಗಿನಿಪಿಗ್ ಕರುಳಿನ ಒಳಗಡೆ ಇದನ್ನು ಹಾಕಿ, ಆಹಾರವನ್ನು ಮುಂದೆ ತಳ್ಳುವ ಅಲೆಚಲನೆ ಚುರುಕಾಗುವುದನ್ನು ತೋರಿಸಿದ್ದರು. ನಾನು ಹಿಡಿದದ್ದು ಅದಕ್ಕಿಂತ ಸರಳ ದಾರಿ: ಕರುಳಿನ ತುಂಡನ್ನು ಆರ್ಗನ್ ಬಾತ್ ಎಂಬ ಬೆಚ್ಚಗಿನ ದ್ರಾವಣದ ಪಾತ್ರೆಯಲ್ಲಿ ತೂಗುಹಾಕಿ ಹೊರಗಿನಿಂದ ಔಷಧ ಹಾಕುವುದು, ತುಂಡು ಬಿಗಿದಾಗ ಕಾಗದದ ಮೇಲೆ ಏರುವ ಗೆರೆಯನ್ನು ನೋಡುವುದು.

ಕತ್ತರಿಸಿದ ಕರುಳನ್ನು ಜೀವಂತವಾಗಿಡುವ ಉಪ್ಪು-ಸಕ್ಕರೆಯ ಟೈರೋಡ್ ದ್ರಾವಣ ಮಾಡುವಾಗ ಕ್ಯಾಲ್ಸಿಯಂ ಕ್ಲೋರೈಡ್ ಕೊನೆಗೆ, ಚೆನ್ನಾಗಿ ತೆಳುವಾದ ಮೇಲೆ ಹಾಕಬೇಕು. ಮೊದಲೇ ಸುರಿದರೆ ನೀರು ಹಾಲಿನಂತಾಗುತ್ತದೆ. ನನ್ನ ಮೊದಲ ಎರಡು ಲೀಟರ್ ಹಾಗೇ ಚೆಲ್ಲಿಹೋಯಿತು. ಗ್ಲೂಕೋಸ್ ಅಂದಂದೇ. ಸಣ್ಣ ಕರುಳಿನ ಕೊನೆಯಲ್ಲಿ ದೊಡ್ಡ ಕರುಳಿಗೆ ತಾಗಿದ ಹತ್ತು ಸೆಂಟಿಮೀಟರ್ ಬಿಟ್ಟು, ಅದರ ಮೇಲಿನದನ್ನು ಎರಡು-ಮೂರು ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿದೆ. ಒಂದೇ ಜೀವದಿಂದ ಎಷ್ಟು ತುಂಡು ಸಿಗುತ್ತದೋ ಅಷ್ಟನ್ನೂ ಬಳಸಿದೆ. ಇನ್ನೊಂದು ಪ್ರಾಣಿ ಬೇಕಾಗಬಾರದು ಎಂಬುದು ಆ ದಿನಗಳಲ್ಲಿ ನನಗೆ ದೊಡ್ಡ ಚಿಂತೆ.

ಮೊದಲ ಸಲ ಸೆರೊಟೋನಿನ್ ಹಾಕಿದಾಗ ಗೆರೆ ಜಿಗಿದೇಬಿಟ್ಟಿತು. ಎರಡನೆಯ ಸಲ ಅರ್ಧ. ಮೂರನೆಯದಕ್ಕೆ ಅಲುಗಲೂ ಇಲ್ಲ. ಈ ದ್ರಾವಣ ಬೆಳಕಿಗೆ ಕೆಡುತ್ತದೆ, ಅದಕ್ಕೇ ಹೀಗೆ ಎಂದುಕೊಂಡೆ. ಹೊಸದು ಮಾಡಿ, ಬಾಟಲಿಗೆ ಫಾಯಿಲ್ ಸುತ್ತಿ ಮಂಜುಗಡ್ಡೆಯಲ್ಲಿಟ್ಟೆ. ಏನೂ ಬದಲಾಗಲಿಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಗಾಳಿಯ ಗುಳ್ಳೆ ನಿಂತಿತು, 37 ಡಿಗ್ರಿಯಲ್ಲಿದ್ದ ಬಿಸಿ ಇಳಿಯಿತು. ನಾನು ಮಳೆಯನ್ನೇ ಬೈದೆ. ಕರೆಂಟು ಬರಲು ಅರ್ಧ ಗಂಟೆ ಹಿಡಿಯಿತು. ಬಂದ ಮೇಲೆ ತೊಳೆದು, ಬಿಸಿಯೇರಿಸಿ, ಅದೇ ಬಾಟಲಿಯ ಅದೇ ಪ್ರಮಾಣ ಹಾಕಿದೆ. ಗೆರೆ ಮತ್ತೆ ಮೊದಲಿನಷ್ಟೇ ಏರಿತು!

ಔಷಧ ಕೆಟ್ಟಿರಲಿಲ್ಲ. ಬೆನ್ನುಬೆನ್ನಿಗೆ ಕೊಟ್ಟರೆ ಗ್ರಾಹಕಗಳು, ಅಂದರೆ ಔಷಧ ಬಂದು ಅಂಟುವ ಕೋಶದ ತಾಣಗಳು, ಸೆರೊಟೋನಿನ್‌ಗೆ ಓಗೊಡುವುದನ್ನೇ ನಿಲ್ಲಿಸುತ್ತವೆ. ಟ್ಯಾಕಿಫೈಲಾಕ್ಸಿಸ್ ಎಂಬ ಈ ಪದವನ್ನು ಪರೀಕ್ಷೆಗೆ ಉರುಹೊಡೆದಿದ್ದೆ, ಕಣ್ಣೆದುರು ನಡೆದಾಗ ಗುರುತು ಹತ್ತಲಿಲ್ಲ. ಅಲ್ಲಿಂದ ಮುಂದೆ ಎರಡು ಡೋಸ್‌ಗಳ ನಡುವೆ 15 ನಿಮಿಷ ಬಿಟ್ಟೆ, ನಡುವೆ ಮೂರು ಸಲ ತೊಳೆದೆ.

ಕೊನೆಗೆ ಅಟ್ರೋಪಿನ್: ನರಗಳು ಬಿಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸ್ನಾಯುವಿನ ಮೇಲೆ ಕೆಲಸ ಮಾಡದಂತೆ ತಡೆಯುವ ಔಷಧ. ಅದನ್ನು ಮೊದಲೇ ಹಾಕಿಟ್ಟರೆ ಸೆರೊಟೋನಿನ್‌ನ ಏರಿಕೆ ತೀರಾ ಕುಗ್ಗಿತು, ಪೂರ್ತಿ ಅಳಿಯಲಿಲ್ಲ. ಸ್ನಾಯುವೇ ಸೋತಿದೆಯೇ ಎಂದು ನೋಡಲು, ಸ್ನಾಯುವನ್ನು ನೇರವಾಗಿ ಬಿಗಿಸುವ ಹಿಸ್ಟಮಿನ್ ಕೊಟ್ಟೆ; ಗಟ್ಟಿಯಾಗಿ ಬಿಗಿಯಿತು. ಅಂದರೆ ಸೆರೊಟೋನಿನ್ ಬಹುಪಾಲು ನರಗಳನ್ನು ಕೆಣಕಿ ಅವುಗಳಿಂದ ಅಸಿಟೈಲ್‌ಕೋಲಿನ್ ಹೊರಡಿಸಿ ಕೆಲಸ ಮಾಡಿಸುತ್ತದೆ, ಉಳಿದ ಸ್ವಲ್ಪ ಮಾತ್ರ ನೇರವಾಗಿ ಸ್ನಾಯುವಿನ ಮೇಲೆ. 1957ರಲ್ಲಿ ವಿಜ್ಞಾನಿಗಳಾದ ಗ್ಯಾಡಮ್ ಮತ್ತು ಪಿಕರೆಲ್ಲಿ ಇದೇ ಗಿನಿಪಿಗ್ ಕರುಳಿನಲ್ಲಿ ಗುರುತಿಸಿದ್ದ ಎರಡು ಬಗೆಯ ಗ್ರಾಹಕಗಳು, ನರದ್ದೊಂದು ಸ್ನಾಯುವಿನದೊಂದು, ನನ್ನ ತೇವ ಹಿಡಿದ ಕಾಗದದ ಮೇಲೆ, ಎರಡು ಎತ್ತರದ ಗೆರೆಗಳಾಗಿ ನಿಂತಿದ್ದವು.