ಅಗಾದಿರ್‌ನಿಂದ ಒಂದೇ ದಿನದಲ್ಲಿ ಮರಾಕೆಶ್ ನೋಡ್ಕೊಂಡ್ ಬರೋದು ಹೇಗೆ

ಮೊರಾಕೊದ ಅಗಾದಿರ್ ಬೀಚ್ ಚೆನ್ನಾಗಿದೆ, ಆದ್ರೆ 1960ರ ಭೂಕಂಪದಲ್ಲಿ ಹಳೇ ಊರು ಬಹುತೇಕ ನೆಲಸಮ ಆಗೋಯ್ತು, ಹಾಗಾಗಿ ಹಳೇ ಮೊರಾಕೊ ನೋಡ್ಬೇಕು ಅಂದ್ರೆ ಒಂದಿನ ಮರಾಕೆಶ್‌ಗೆ ಹೋಗ್ಲೇಬೇಕು. ಸುಮಾರು 250 ಕಿಲೋಮೀಟರ್, ಹೈವೇಲಿ ಮೂರು ಗಂಟೆ. ಅಗಾದಿರ್‌ಗೆ ಟ್ರೈನ್ ಇಲ್ಲ, ಸಿಟಿಎಂ ಅಥವಾ ಸುಪ್ರಾಟೂರ್ಸ್ ಬಸ್ಸಿಗೆ ಹಿಂದಿನ ದಿನಾನೇ ಹೋಗೋದಕ್ಕೂ ಬರೋದಕ್ಕೂ ಟಿಕೆಟ್ ಮಾಡ್ಸಿಟ್ಕೊಳ್ಳಿ, ಬೆಳಗ್ಗೆ ಸಿಗೋ ಮೊದಲನೇ ಬಸ್ಸೇ ಹಿಡೀರಿ.

ಇಳಿದ್ಮೇಲೆ ಟ್ಯಾಕ್ಸಿ ಹತ್ತೋ ಮುಂಚೆ ಮೀಟರ್ ಹಾಕ್ತೀರಾ ಅಂತ ಕೇಳಿ, ಇಲ್ಲಾಂದ್ರೆ ರೇಟ್ ಮಾತಾಡ್ಕೊಂಡೇ ಕೂತ್ಕೊಳ್ಳಿ. ಕುತುಬಿಯಾ ಮಸೀದಿ ಹತ್ರ ಇಳೀರಿ, 12ನೇ ಶತಮಾನದ ಅದರ 77 ಮೀಟರ್ ಮಿನಾರ್ ದೂರದಿಂದ್ಲೇ ಕಾಣುತ್ತೆ, ದಾರಿ ತಪ್ಪಿದ್ರೆ ಅದೇ ಗುರುತು. ಮುಸ್ಲಿಮರಲ್ಲದವರಿಗೆ ಒಳಗೆ ಪ್ರವೇಶ ಇಲ್ಲ, ಹೊರಗಿನಿಂದ್ಲೇ ನೋಡಿ.

ಎಲ್ಲಾನೂ ನೋಡೋಕೆ ಹೋಗ್ಬೇಡಿ, ಸುಸ್ತಾಗ್ತೀರ. ನನ್ ಪ್ರಕಾರ ಬಾಹಿಯಾ ಅರಮನೆ, ಬೆನ್ ಯೂಸುಫ್ ಮದ್ರಸಾ ಎರಡು ಸಾಕು. ಮದ್ರಸಾದ ಅಂಗಳದಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿ, ಕೆಳಗೆ ಬಣ್ಣಬಣ್ಣದ ಟೈಲ್ಸ್, ಅದರ ಮೇಲೆ ಗಾರೆ ಕೆತ್ತನೆ, ಇನ್ನೂ ಮೇಲೆ ದೇವದಾರು ಮರದ ಕೆಲಸ, ಒಂದು ಬೆರಳಷ್ಟು ಜಾಗಾನೂ ಖಾಲಿ ಬಿಟ್ಟಿಲ್ಲ ಕಣ್ರೀ.

ಸಸ್ಯಾಹಾರಿಗಳಿಗೆ ತರಕಾರಿ ತಾಜಿನ್ (ಮಣ್ಣಿನ ಪಾತ್ರೆಲಿ ನಿಧಾನಕ್ಕೆ ಬೇಯಿಸೋ ಅಡುಗೆ) ಸಿಗುತ್ತೆ, ಆದ್ರೆ ಮಾಂಸದ ಸಾರು ಹಾಕಿದ್ದೀರಾ ಅಂತ ಕೇಳ್ಕೊಳ್ಳಿ. ಝಾಲೂಕ್ ಅಂತ ಬದನೆಕಾಯಿ ಟೊಮೆಟೊದ್ದು, ನಮ್ ಸುಟ್ಟ ಬದನೆಕಾಯಿ ಗೊಜ್ಜಿನ ನೆಂಟ ಅನ್ಬೋದು, ರೊಟ್ಟಿ ಜೊತೆ ಬಿಡ್ಬೇಡಿ.

ಸಂಜೆ ಜಮಾ ಎಲ್ ಫ್ನಾ ಚೌಕದಲ್ಲಿ ತಿಂಡಿ ಅಂಗಡಿಗಳಿಂದ ಹೊಗೆ ಏಳೋಕೆ ಶುರುವಾಗೋ ಹೊತ್ತು ನೋಡ್ಕೊಂಡೇ ವಾಪಸ್ ಬಸ್ ಹತ್ತಿ.