ಹಳೆಯ ಅನ್ಯಾಯದ ಬಗ್ಗೆ ಮಾತಿಗೆ ಕೂರುವ ಮುಂಚೆ

ನಮ್ಮಜ್ಜಿ ಹುಟ್ಟಿದ್ದು ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲಿ, ಅಂದರೆ ಸರ್ಕಾರ ಕೆಲವು ಜಾತಿಯವರನ್ನು ಕೂಡಿಹಾಕಿದ್ದ ವಸತಿಯಲ್ಲಿ. ಸುತ್ತ ತಂತಿ ಬೇಲಿ. ಹೊರಗೆ ಹೋಗಬೇಕೆಂದರೆ ಪಾಸು. ಅವ್ವನ ಕೈ ಹಿಡಿದುಕೊಂಡು ಹಾಜರಿಗೆ ನಿಂತದ್ದು ಆಕೆಗೆ ಈಗಲೂ ನೆನಪಿದೆ. ಆ ಅವ್ವ ಏನೂ ಕದ್ದಿರಲಿಲ್ಲ, ಕೊರಮರ ಜಾತಿಯಲ್ಲಿ ಹುಟ್ಟಿದ್ದೇ ಸಾಕಾಗಿತ್ತು. ಕೆಲವು ಜಾತಿಗಳವರೆಲ್ಲ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿ 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ದೇಶದಲ್ಲಿ ಪೂರ್ತಿ ಹೋದದ್ದು 1952ರ ಆಗಸ್ಟ್ 31ಕ್ಕೆ. ಆ ಪಟ್ಟಿಯಿಂದ ಬಿಡುಗಡೆಯಾದವರು ವಿಮುಕ್ತರು, ಅದಕ್ಕೇ ಆ ದಿನವನ್ನು ವಿಮುಕ್ತ ದಿನ ಅಂತ ಆಚರಿಸುತ್ತೇವೆ.

ಕಾಯ್ದೆ ಹೋಯಿತು, ಹೆಸರು ಹೋಗಲಿಲ್ಲ. ಸುಮಾರು ನಲವತ್ತು ವರ್ಷದ ಹಿಂದೆ ಇಲ್ಲಿ ಪುಣೆಯಲ್ಲಿ ನಮ್ಮ ಅತ್ತೆಯ ಮದುವೆಗೆ ಕನ್ನಡಿಗರದೇ ಒಂದು ಸಂಸ್ಥೆಯ ಹಾಲ್ ಕೇಳಿದ್ದರು. ಅಡ್ವಾನ್ಸ್ ತೆಗೆದುಕೊಂಡವರು ನಾವು ಯಾರೆಂದು ಗೊತ್ತಾದ ಮೇಲೆ ದುಡ್ಡು ವಾಪಸ್ ಕೊಟ್ಟು ಕಳಿಸಿದರು. ಆ ಸಂಸ್ಥೆಯ ಈಗಿನ ಸಮಿತಿಯ ಜೊತೆ ಕಳೆದ ವರ್ಷ ನಾವು ನಾಲ್ಕು ಸಲ ಕೂತು ಮಾತಾಡಿದೆವು. ನಿಮ್ಮ ಮನೆಯಲ್ಲೂ ಇಂಥದ್ದೊಂದು ನೋವು ಇದ್ದರೆ, ಇದು ಉಪಯೋಗಕ್ಕೆ ಬರಬಹುದು.

ಮೊದಲು ಕಥೆಯನ್ನು ದಾಖಲಿಸಿ. ಮನೆಯಲ್ಲೇ, ಹಿರಿಯರು ಆರಾಮಾಗಿ ಇರುವ ಹೊತ್ತಿನಲ್ಲಿ, ಅವರಿಗೆ ಇಷ್ಟವಾದ ಮೊಮ್ಮಗಳೋ ಮೊಮ್ಮಗನೋ ಕೇಳಲಿ. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಸಾಕು. ಒಂದು ಗಂಟೆಗಿಂತ ಜಾಸ್ತಿ ಬೇಡ. ಸಭೆಗೆ ಕರೆದುಕೊಂಡು ಹೋಗಿ ಎಲ್ಲರೆದುರು ಅದನ್ನೇ ಮತ್ತೆ ಮತ್ತೆ ಹೇಳಿಸಬೇಡಿ, ಅದು ಇನ್ನೊಂದು ಹಾಜರಿ ಆಗುತ್ತದೆ. ಆಮೇಲೆ ಕಾಗದ ಹುಡುಕಿ. ಹಳೆಯ ಮುಂಬೈ ಪ್ರಾಂತ್ಯದ ಕಡತಗಳು ಮುಂಬೈನ ಕಾಳಾ ಘೋಡಾದಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ. ಸರ್ಕಾರಿ ಕಚೇರಿಯಿಂದ ಬೇಕಾದ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಸಂಘ ಸಂಸ್ಥೆಯಾದರೆ ಆ ವರ್ಷದ ನಡಾವಳಿ ಪುಸ್ತಕ ತೋರಿಸಿ ಅಂತ ಪತ್ರ ಬರೆದು ಕೇಳಿ.

ಯಾರು ಏನು ಮಾಡಿದರು ಅನ್ನುವುದನ್ನು ಬೇರೆ ಬೇರೆ ಮಾಡಿಕೊಳ್ಳಿ. ತಂತಿ ಬೇಲಿ ಹಾಕಿದ್ದು ಸರ್ಕಾರ. ಹಾಲ್ ಕೊಡದೆ ಕಳಿಸಿದ್ದು ಸಮಿತಿ. ಮೊದಲ ಸಭೆಯಲ್ಲಿ ನಾನು ಎಲ್ಲವನ್ನೂ ಒಟ್ಟಿಗೆ ಅವರ ತಲೆ ಮೇಲೆ ಹಾಕಿದೆ, ಅವರು ಬ್ರಿಟಿಷರನ್ನು ಬೈಯುತ್ತಾ ತಮ್ಮ ಪಾಲಿನದನ್ನು ಮರೆತೇಬಿಟ್ಟರು. ಎರಡನೇ ಸಲ ಒಂದೇ ಪುಟ ಬರೆದುಕೊಂಡು ಹೋದೆವು. ಅದರಲ್ಲಿ ಹಾಲ್‌ನ ವಿಷಯ ಬಿಟ್ಟು ಬೇರೇನೂ ಇರಲಿಲ್ಲ.

"ಆಗ ನಾವು ಇರಲೇ ಇಲ್ಲವಲ್ಲ" ಅಂತ ಖಂಡಿತ ಹೇಳುತ್ತಾರೆ. ಸಿಟ್ಟಾಗಬೇಡಿ, ಅದು ನಿಜವೂ ಹೌದು. ನಾವು ಕೇಳಿದ್ದು ಇಷ್ಟೇ: ವಾರ್ಷಿಕೋತ್ಸವದಲ್ಲಿ ಹಿರಿಯರು ಕಟ್ಟಿದ ಸಂಸ್ಥೆ ನಮ್ಮದು ಅಂತ ಹೇಳುತ್ತೀರಿ, ಹಾಗಾದರೆ ಅವರು ಮಾಡಿದ ತಪ್ಪಿನ ಲೆಕ್ಕವೂ ನಿಮ್ಮ ಹತ್ತಿರವೇ ಬರಬೇಕು, ಅಲ್ವಾ? ಈ ಮಾತಿಗೆ ಒಬ್ಬ ಹಿರಿಯರು ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ತಮ್ಮ ತಂದೆ ಆಗಿನ ಸಮಿತಿಯಲ್ಲಿದ್ದರು ಅಂದರು. ನಿಜವಾದ ಮಾತುಕತೆ ಶುರುವಾದದ್ದು ಅಲ್ಲಿಂದ. ಹಾಗೆ ಯಾರಾದರೂ ಸುಮ್ಮನಾದರೆ ನೀವೂ ಸುಮ್ಮನಿರಿ, ಆ ಜಾಗವನ್ನು ಮಾತಿನಿಂದ ತುಂಬಬೇಡಿ.

ಈಗ ಪದಗಳ ವಿಷಯ. ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಇಲ್ಲೇ. ನಮ್ಮ ಭಾಷೆಯಲ್ಲಿ "ತಪ್ಪಾಯಿತು" ಅಂದರೆ ಮುಗಿಯಿತು, ಮಳೆ ಬಂದ ಹಾಗೆ ತಪ್ಪು ತಾನಾಗೇ ಆಗಿಬಿಟ್ಟಿರುತ್ತದೆ, ಮಾಡಿದವರು ಯಾರೂ ಇರುವುದಿಲ್ಲ. "ಬೇಸರವಾಗಿದ್ದರೆ ಕ್ಷಮಿಸಿ" ಅನ್ನುವುದು ಇನ್ನೂ ಹಗುರ, ಅಲ್ಲಿ ಬೇಸರ ಮಾಡಿಕೊಂಡವರದ್ದೇ ತಪ್ಪು ಅನ್ನುವ ಹಾಗಿರುತ್ತದೆ. ಜಲಿಯನ್‌ವಾಲಾ ಬಾಗ್‌ಗೆ ನೂರು ವರ್ಷ ತುಂಬಿದ 2019ರಲ್ಲಿ ಬ್ರಿಟನ್ ಪ್ರಧಾನಿ ತೆರೇಸಾ ಮೇ ವಿಷಾದ ಹೇಳಿದರು, ಕ್ಷಮೆ ಕೇಳಲಿಲ್ಲ. ಆ ವ್ಯತ್ಯಾಸ ಎಲ್ಲರಿಗೂ ಕಾಣಿಸಿತು. ನಮಗೆ ಬಂದ ಮೊದಲ ಕರಡಿನಲ್ಲಿ "ಹಿಂದೆ ಕೆಲವು ಸಮುದಾಯಗಳಿಗೆ ನೋವಾಗಿರಬಹುದು" ಅಂತ ಇತ್ತು. ವಾಪಸ್ ಕಳಿಸಿದೆವು. ಯಾರು, ಯಾರಿಗೆ, ಏನು ಮಾಡಿದರು ಅನ್ನುವ ಮೂರೂ ಒಂದೇ ವಾಕ್ಯದಲ್ಲಿ ಇರಬೇಕು ಅಂತ ಹಟ ಹಿಡಿಯಿರಿ. ಇದು ಅತಿಯಾಯಿತು ಅಂತ ನಿಮ್ಮವರೇ ಹೇಳಬಹುದು. ನನಗೆ ಹಾಗನಿಸುವುದಿಲ್ಲ.

ನಡುವೆ ಒಂದು ಸಲ ರಾಜ್ಯೋತ್ಸವದ ದಿನ ಅಜ್ಜಿಗೆ ಸನ್ಮಾನ ಮಾಡುತ್ತೇವೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಶಾಲು ಹೊದಿಸಿ ಫೋಟೋ ತೆಗೆದ ಮೇಲೆ ಮುಂದಿನ ಸಭೆ ನಡೆಯುವುದೇ ಇಲ್ಲ. ಅಜ್ಜಿಯೇ ಹೇಳಿದಳು: "ಶಾಲು ಬ್ಯಾಡ, ಬರದು ಕೊಡ್ರಿ."

ಸರಿಪಡಿಸುವುದು ಏನು ಅನ್ನುವುದನ್ನು ನೀವೇ ಮೊದಲು ಯೋಚಿಸಿಕೊಂಡು ಹೋಗಿ. ನಾವು ಎರಡು ಕೇಳಿದೆವು. ಒಂದು, ಹಾಲ್ ಯಾವ ಜಾತಿಯವರಿಗೂ ಒಂದೇ ಬಾಡಿಗೆಗೆ ಸಿಗುತ್ತದೆ ಅಂತ ನಿಯಮದಲ್ಲಿ ಬರೆಯಬೇಕು. ಇನ್ನೊಂದು, ಜಾತಿ ಪ್ರಮಾಣಪತ್ರಕ್ಕೆ ಸಹಾಯ. ಕೊರಮರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ನಮ್ಮ ಬಂಧುಗಳೇ ಆದ ಕೈಕಾಡಿಗಳು ಪುಣೆ ಕಡೆ ವಿಮುಕ್ತ ಜಾತಿಯ ಪಟ್ಟಿಯಲ್ಲಿದ್ದಾರೆ. ಆ ಪಟ್ಟಿಯ ಪ್ರಮಾಣಪತ್ರಕ್ಕೆ 1961ರ ನವೆಂಬರ್ 21ಕ್ಕಿಂತ ಮುಂಚೆ ಮನೆತನ ಮಹಾರಾಷ್ಟ್ರದಲ್ಲಿತ್ತು ಅಂತ ತೋರಿಸಬೇಕು. ಶಾಲೆಗೇ ಹೋಗದವರು ಎಲ್ಲಿಂದ ಕಾಗದ ತರುತ್ತಾರೆ? ಸಂಸ್ಥೆಯಲ್ಲಿ ಓದು ಬರಹ ಬಲ್ಲವರು, ವಕೀಲರು ಇದ್ದಾರೆ. ತಿಂಗಳಿಗೊಂದು ಭಾನುವಾರ ಕೂತು ನಮ್ಮವರ ಅರ್ಜಿ ನೋಡಿಕೊಡಲಿ ಅಂತ ಕೇಳಿದೆವು.

ಒಂದು ಮಾತು ಮರೆಯಬೇಡಿ. ಇವತ್ತು ಯಾರಾದರೂ ಜಾತಿ ಹಿಡಿದು ಬೈದರೆ, ಹೊಡೆದರೆ, ಪೊಲೀಸರು ಸುಮ್ನೆ ಎತ್ತಿಕೊಂಡು ಹೋದರೆ ಅದು ಮಾತುಕತೆಯ ವಿಷಯ ಅಲ್ಲ. ಮೊದಲು ವಕೀಲರ ಹತ್ತಿರ ಹೋಗಿ. ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದು ಅಂತ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರ ತೀರ್ಪಿನಲ್ಲಿ ಪೊಲೀಸರಿಗೆ ಹೇಳಿದೆ.

ನಾಲ್ಕನೇ ಸಭೆಯಲ್ಲಿ ಠರಾವು ಆಯಿತು. "ಕೊರಮರ ಮದುವೆ ಅನ್ನುವ ಕಾರಣಕ್ಕೆ ನಮ್ಮ ಸಮಿತಿ ಹಾಲ್ ನಿರಾಕರಿಸಿತು. ಇದು ನಾವು ಮಾಡಿದ ತಪ್ಪು." ಹಾಲ್‌ನ ನಿಯಮವೂ ಬದಲಾಯಿತು. ಅಜ್ಜಿ ಓದಲು ಬಾರದಿದ್ದರೂ ಆ ಝೆರಾಕ್ಸನ್ನು ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಾಳೆ. ಭಾನುವಾರದ ಕೆಲಸ ಇನ್ನೂ ಶುರುವಾಗಿಲ್ಲ. ಅದಕ್ಕೇ ಎದ್ದು ಬರುವ ಮುಂಚೆ ಐದನೇ ಸಭೆಯ ತಾರೀಖನ್ನು ನಡಾವಳಿಯಲ್ಲೇ ಬರೆಸಿಕೊಂಡು ಬಂದೆವು.